ಬೋರಿಂಗಿನೊಳಗಿನ ತೊಗಲು

೧೯೭೩ರಲ್ಲಿ ಏಳನೆಯ ತರಗತಿಗೆ ಓದು ಬಿಟ್ಟೆ. ಆಳಂದದಲ್ಲಿ ಒಬ್ಬ ಮಿಸ್ತ್ರಿಯ ಕೈಕೆಳಗೆ ಬೋರಿಂಗ್, ಅಂದರೆ ಕೈಪಂಪು, ರಿಪೇರಿ ಕಲಿತೆ. ಹತ್ತು ವರ್ಷದೊಳಗೆ ಅಫಜಲಪುರ, ಜೇವರ್ಗಿಯ ತನಕ ಜನ ನನ್ನನ್ನೇ ಕರೆಸುತ್ತಿದ್ದರು.

ಅಕ್ಕನನ್ನು ಕೊಟ್ಟದ್ದು ಜೇವರ್ಗಿ ಕಡೆಯ ಒಂದು ಹಳ್ಳಿಗೆ. ಅಲ್ಲಿ ಕುಡಿಯಲು ಮೆಟ್ಟಿಲು ಇಳಿದು ತುಂಬುವ ಬಾವಿ. ಆ ನೀರು ಕುಡಿದವರ ಕಾಲಲ್ಲಿ ವರ್ಷದ ಮೇಲೆ ಬೊಕ್ಕೆ ಎದ್ದು, ಬಿಳಿ ದಾರದಂಥ ನಾರುಹುಳು ಹೊರಬರುತ್ತಿತ್ತು. ಅಕ್ಕನಿಗೂ ಬಂತು. ಹುಣ್ಣಿನ ಕಾಲು ನೀರಿಗೆ ತಾಗಿದರೆ ಹುಳು ಮರಿ ಬಿಡುತ್ತದೆ, ಅದನ್ನು ಕುಡಿದವರಿಗೆ ಮತ್ತೆ ಹುಳು ಎಂದು ದವಾಖಾನೆಯ ಕಂಪೌಂಡರ್ ಒಮ್ಮೆ ಹೇಳಿದ. ನನಗೆ ಒಮ್ಮೆಗೇ ತಿಳಿಯಿತು.

ಊರ ನಡುವೆ ಹೊಸ ಬೋರಿಂಗ್ ಇತ್ತು, ಅದರ ನೀರಿಗೆ ಯಾರ ಕಾಲೂ ತಾಗುವಂತಿರಲಿಲ್ಲ. ಅದರೊಳಗೆ ಇಡೀ ದನದ ತೊಗಲಿದೆ, ಲಿಂಗ ಕಟ್ಟಿದವರು ಕುಡಿಯಬಾರದು ಎಂದು ಬಿ.ಎ. ಓದಿದ ಗೌಡರೇ ಹಬ್ಬಿಸಿದ್ದರು. ಬಿಚ್ಚಿ ತೋರಿಸಿದರೆ ಸುಳ್ಳು ಸಾಯುತ್ತದೆಂದು ನಂಬಿ, ಜನರ ಎದುರು ಸರಳು ಎಳೆದು ಗೋಣಿಯ ಮೇಲೆ ಹರವಿದೆ. ಅಂಗೈಯಲ್ಲಿ ಹಿಡಿಯುವಷ್ಟು ಎರಡು ತೊಗಲಿನ ವಾಷರು.

“ನೋಡ್ರಿ, ತೊಗಲಂದ್ರ ಇಷ್ಟ.”

“ಕೇಳಿದ್ರ್ಯಾ? ಮಿಸ್ತ್ರಿನ ಒಪ್ಕೊಂಡಾನ” ಎಂದರು ಗೌಡರು.

“ನಿಮ್ಮ ಹೊಲದ ಬಾವ್ಯಾಗ ಎತ್ತು ಹೂಡಿ ತೊಗಲ ಚೀಲದಾಗ ನೀರು ಎತ್ತತಾರಲ್ರಿ. ಅದನ್ನ ಕುಡೀತೀರಲ್ರಿ?”

“ಅದು ಹೊಲದ ಮಾತು. ಏಳನೇ ಕ್ಲಾಸಿನಾವ ನನಗ ಶಾಣ್ಯಾತನ ಹೇಳಾಕತ್ತೀ ಏನಲೇ?”

ಎಲ್ಲರೂ ನಕ್ಕರು. ಅಲ್ಲಿಯ ತನಕ ಕುಡಿಯುತ್ತಿದ್ದ ನಾಲ್ಕೈದು ಮನೆಯವರೂ ಅಂದಿನಿಂದ ಬಿಟ್ಟರು. ನಿಜ ತೋರಿಸಿ ಸುಳ್ಳಿಗೆ ಸಾಕ್ಷಿ ಹೇಳಿದವನಾದೆ. ಅದರ ಸಿಟ್ಟು ಇನ್ನೂ ಇಳಿದಿಲ್ಲ.

ಅಕ್ಕನ ಅತ್ತೆಗೂ ಹೇಳಿ ನೋಡಿದೆ.

“ನಾರು ದೇವರ ಸಿಟ್ಟಿಗಿ ಬರತದ ತಮ್ಮಾ, ನೀರಿಗಲ್ಲ. ನಮ್ಮತ್ತಿಗೂ ಬಂದಿತ್ತು.”

“ಅವರೂ ಇದ ಬಾವಿ ನೀರು ಕುಡಿದಿದ್ರಲ್ಲ ಅತ್ತೀ.”

“ಹೂಂ, ಸಾಯೂತನಕ ಕುಡಿದಳು. ಭಾಳ ಸೀ ನೀರು.”

ಕೊನೆಗೆ ಅಕ್ಕನಿಗೆ ನನ್ನದೊಂದು ಧೋತರ ಕೊಟ್ಟು, ಎರಡು ಮಡಿಕೆ ಮಾಡಿ ಸೋಸಿ ಕುಡಿ ಎಂದೆ. “ಅತ್ತಿ ಮುಂದ ಸೋಸಿದ್ರ, ನಾವು ತುಂಬಿದ ನೀರು ಹೊಲಸೇನ ಅಂತಾಳೋ” ಎಂದಳು ಅಕ್ಕ. ಮರುವರ್ಷ ಹುಳು ಮೊಣಕಾಲಿಗೆ ಬಂತು. ಎಳೆಯುವಾಗ ತುಂಡಾಯಿತು, ಕೀವು ತುಂಬಿ ಕಾಲು ಸೆಟೆಯಿತು.

ಕೆಲವು ವರ್ಷದ ಮೇಲೆ ರಬ್ಬರಿನ ವಾಷರು ಬಂದವು. ನಾನೇ ಹಾಕಿದೆ. ಗೌಡರು ಮೊದಲ ತಂಬಿಗೆ ಕುಡಿದು, “ಈಗ ಶುದ್ಧ ಆತು” ಎಂದರು. ಊರೆಲ್ಲ ಕೊಡ ತಂದಿತು. ಅಕ್ಕನ ಕಾಲಿನ ಲೆಕ್ಕ ಯಾರೂ ಕೇಳಲಿಲ್ಲ.

ಈಗ ನನಗೆ ಆಳಂದದಲ್ಲಿ ಎರಡು ಕೋಣೆಯ ಮನೆ, ಮೂರು ಎಕರೆ ಹೊಲ, ಓದಿದ ಇಬ್ಬರು ಹೆಣ್ಣುಮಕ್ಕಳು, ನೆಲದ ಮೇಲೆ ಕೂರಲಾಗದ ಒಬ್ಬ ಅಕ್ಕ.