‘ಮರೆತೆ’ ಎಂಬ ಗುಂಡಿ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ಮಿಡಿ ಉಪ್ಪಿನಕಾಯಿಯ ಭರಣಿಗೆ ಒರಗಿ, ಈಗ ಯಾವಾಗಲೂ ಒಂದು ಮೊಬೈಲು ನಿಂತಿರುತ್ತದೆ. ಅದರ ಗಾಜಿಗೆ ಒಗ್ಗರಣೆಯ ಎಣ್ಣೆ ಸಿಡಿದಿದೆ, ಅಂಚಿಗೆ ಅರಿಶಿನದ ಬೆರಳಗುರುತು ಮೆತ್ತಿದೆ. ಒಳಗಿಂದ ಒಂದೊಂದೇ ಜಪಾನೀ ಶಬ್ದ ಎದ್ದು ಬಂದು ಅರ್ಥ ಕೇಳುತ್ತದೆ, ನನ್ನ ಹೆಂಡತಿ ವನಜ ಬೆಂಡೆಕಾಯಿ ಹೆಚ್ಚುತ್ತಲೇ ಉತ್ತರ ಹೇಳುತ್ತಾಳೆ. ನಾನು ಬಾಗಿಲಲ್ಲಿ ನಿಂತು, ಗೆಳೆಯರೇ, ಹೊಟ್ಟೆ ಉರಿದುಕೊಳ್ಳುತ್ತೇನೆ.

ಉರಿಗೆ ಕಾರಣವಿದೆ. ಜಪಾನೀ ಕಲಿಯಬೇಕಾದವನು ನಾನು. ಇಲ್ಲಿ ಸಂಭಾಜಿನಗರದ ಚಿಕಲಠಾಣಾದಲ್ಲಿ ನಾನು ದುಡಿಯುವ ಕಾರ್ಖಾನೆಯಿಂದ ಒಬ್ಬರನ್ನು ತರಬೇತಿಗೆ ಜಪಾನಿಗೆ ಕಳಿಸುವ ಮಾತು ಹುಟ್ಟಿದಾಗ, ಅಂತರ್ಜಾಲದಿಂದ ಸಲಕರಣೆಗಳನ್ನೆಲ್ಲ ಹೆಕ್ಕಿ ತಂದವನೂ ನಾನೇ: ಗೊತ್ತಿಲ್ಲದ ಅಕ್ಷರವನ್ನು ಬೆರಳಿನಿಂದ ಗೀಚಿದರೆ ಗುರುತು ಹೇಳುವ ನಿಘಂಟು, ಕಠಿಣ ಅಕ್ಷರಗಳ ನೆತ್ತಿಯ ಮೇಲೆ ಉಚ್ಚಾರ ಬರೆದುಕೊಡುವ ಸುಲಭ ಸುದ್ದಿಯ ತಾಣ, ಭಾನುವಾರ ಪರದೆಯ ಮೇಲೆ ಬಂದು ಮಾತಾಡಿಸುವ ಓಸಾಕಾದ ಶಿಕ್ಷಕಿ, ಎಲ್ಲಕ್ಕೂ ಮಿಗಿಲಾಗಿ ಮೊಬೈಲಿನೊಳಗಿನ ಈ ಶಬ್ದದ ಚೀಟಿಗಳು. ಚೀಟಿ ತಿರುವಿ ಅರ್ಥ ನೋಡಿದ ಮೇಲೆ ‘ನೆನಪಿತ್ತು’ ಅಥವಾ ‘ಮರೆತೆ’ ಎಂಬ ಗುಂಡಿಯನ್ನು ನಾವೇ ಒತ್ತಬೇಕು. ಮರೆತದ್ದು ನಾಳೆಯೇ ಮರಳುತ್ತದೆ, ನೆನಪಿದ್ದದ್ದು ನಾವು ಇನ್ನೇನು ಮರೆಯಬೇಕು ಎನ್ನುವ ಹೊತ್ತಿಗೆ. ನಾನು ಯಾವಾಗ ಮರೆಯುತ್ತೇನೆಂದು ಇದಕ್ಕೆ ಹೇಗೆ ಗೊತ್ತು? ವಿಶ್ವವಿದ್ಯಾಲಯ ಕಲಿಸಿದ ಸಂಶಯದಿಂದ ಪರೀಕ್ಷಿಸಿ ನೋಡಿದೆ. ಅದು ಎಣಿಸಿದ್ದಕ್ಕಿಂತ ಮೊದಲೇ ಮರೆತಿದ್ದೆ. ಕಲಿಕೆಗೆ ಜೊತೆಗಿರಲಿ ಎಂದು ಕೂರಿಸಿಕೊಂಡ ವನಜ ಅಷ್ಟರಲ್ಲಿ ನನ್ನನ್ನು ದಾಟಿ ಎಷ್ಟೋ ದೂರ ಹೋಗಿದ್ದಳು.

ಬರಿಯ ಶಬ್ದಗಳ ಸೋಲಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಬೀದರಿನಲ್ಲಿ ನನ್ನ ಅವ್ವ ಕೊನೆಗಾಲದಲ್ಲಿ ನನ್ನನ್ನು ಸೋದರಮಾವನ ಹೆಸರಿನಿಂದ ಕರೆಯುತ್ತಿದ್ದಳು. ಅದೂ ಸಣ್ಣ ಸಣ್ಣ ಶಬ್ದಗಳು ಜಾರುವುದರಿಂದಲೇ ಶುರುವಾಗಿತ್ತು. ಹಾಗಾಗಿ ಹೆಂಡತಿಯ ನೆನಪನ್ನು ನಾನು ನೋಡುವುದು ಹಸಿದವನು ಪಕ್ಕದ ಎಲೆಯನ್ನು ನೋಡಿದ ಹಾಗೆ.

ಕಳೆದ ಭಾನುವಾರ ಶಿಕ್ಷಕಿ, ನೀವಿಬ್ಬರೂ ಮೊದಲು ಕಂಡದ್ದು ಎಲ್ಲಿ ಎಂದು ಕೇಳಿದಳು. ಇದಕ್ಕೆ ನಾನು ಸಿದ್ಧನಾಗಿದ್ದೆ. ಸಟಾಣಾ ಎಂಬ ಊರಿನಲ್ಲೊಂದು ಯಂತ್ರ ನೋಡಿ ಮರಳುತ್ತಿದ್ದೆ, ನಾಸಿಕದಲ್ಲಿ ಸಂಜೆಯ ಮಳೆ ಹಿಡಿಯಿತು, ವನಜಳ ಅಪ್ಪನ ಹೋಟೆಲಿಗೆ ನುಗ್ಗಿದೆ, ಅವಳೇ ನನ್ನ ಕೈಗೆ ಕಾಫಿ ಕೊಟ್ಟಳು. ಹರಕುಮುರುಕು ಜಪಾನಿಯಲ್ಲಿ ಇಷ್ಟು ಹೇಳುವಷ್ಟರಲ್ಲಿ ಪಕ್ಕದಲ್ಲಿ ನಗು.

“ಕಾಫಿ ಎಲ್ಲಿಯದು ಮಾರಾಯ್ರೆ? ನಿಮಗೆ ಶೀತ ಅಂತ ಅಪ್ಪ ಕಷಾಯ ಮಾಡಿಸಿದ್ದು. ತಂದುಕೊಟ್ಟದ್ದು ಅಣ್ಣ. ನಾನು ಗಲ್ಲಾದಲ್ಲಿ ಕೂತು ನಿಮ್ಮ ಒದ್ದೆ ಚಪ್ಪಲಿ ನೋಡ್ತಾ ಇದ್ದೆ.”

“ನೀನೇ ಕೊಟ್ಟೀದಿ. ನನಗ ಬರೋಬರ್ ನೆನಪದ.”

“ನೆನಪುಂಟಾ? ಹಾಗಾದ್ರೆ ಸಂಜೆ ಮಳೆಗೆ ಜಪಾನಿಯಲ್ಲಿ ಎಂತ ಹೇಳುದು, ಹೇಳಿ ನೋಡುವ.”

ನಾನು ನಿಘಂಟಿಗೆ ಕೈ ಹಾಕಿದೆ. “ಯೂದಚಿ,” ಎಂದು ಅವಳೇ ಹೇಳಿದಳು. ಶಿಕ್ಷಕಿ ಚಪ್ಪಾಳೆ ತಟ್ಟಿದಳು.

ಮರುದಿನ ಬೆಳಿಗ್ಗೆ ಭರಣಿಯ ಮುಂದೆ ಅದೇ ಶಬ್ದ ಎದ್ದುಬಂತು. ವನಜ ಅದನ್ನು ಮೆಲ್ಲಗೆ ಉಚ್ಚರಿಸಿದಳು, ಅರ್ಥವನ್ನೂ ಸರಿಯಾಗಿ ಹೇಳಿದಳು, ಆಮೇಲೆ ನನ್ನ ಕಣ್ಣೆದುರೇ ‘ಮರೆತೆ’ ಒತ್ತಿದಳು.

“ಗೊತ್ತಿದ್ದೂ ಮರ್ತೀನಿ ಅಂತ ಒತ್ತತೀ? ಮೋಸ ಅಲ್ಲೇನು ಇದು?”

“ಗೊತ್ತುಂಟು ಅಂತ ಒತ್ತಿದ್ರೆ ಅದು ಇನ್ನು ತಿಂಗಳುಗಟ್ಟಲೆ ಈ ಕಡೆ ತಲೆ ಹಾಕುದಿಲ್ಲ. ಚಂದದ ಶಬ್ದ ಅಲ್ವಾ, ನಾಳೆಯೂ ಬರಲಿ ಅಂತ.”

ಮರೆವನ್ನು ನಾನು ನಷ್ಟವೆಂದೇ ತಿಳಿದಿದ್ದೆ. ಇವಳು ಅದನ್ನು ಕರೆಯೋಲೆ ಮಾಡಿಕೊಂಡಿದ್ದಾಳೆ. ನಾನೋ, ಆ ಕಾಫಿಯ ಚೀಟಿಯ ಮೇಲೆ ಇಷ್ಟು ವರ್ಷ ‘ನೆನಪಿತ್ತು’ ಎಂದು ಒತ್ತುತ್ತಲೇ ಬಂದೆ, ಒಮ್ಮೆಯೂ ತಿರುವಿ ನೋಡಲಿಲ್ಲ. ಈಗ ಹೊಟ್ಟೆಯುರಿ ಅವಳ ನೆನಪಿನ ಮೇಲಿಂದ ಇಳಿದು ಆ ಶಬ್ದವನ್ನೇ ಹಿಡಿಯಿತು. ನಾಳೆಯೂ ಬರಲಿ ಎಂದು ಅವಳು ಬಯಸುವಂಥದ್ದು ಅದರಲ್ಲೇನಿದೆ? ನನ್ನನ್ನು ಕುರಿತು ಹಾಗೆ ಎಂದಾದರೂ ಬಯಸಿದ್ದುಂಟೋ?

ಸಂಜೆ ಕಟ್ಟೆಯ ಬಳಿ ಹೋಗಿ ನಿಂತೆ. “ಆ ನಾಸಿಕದ ಮಳಿ ಸುದ್ದಿ ಹೇಳು. ಯಾರು ಕೊಟ್ಟರು, ಏನು ಕೊಟ್ಟರು?”

“ನಿನ್ನೆಯಷ್ಟೇ ಹೇಳಿದೆನಲ್ಲ!”

“ಮರ್ತೀನಿ.”

ಅವಳು ನನ್ನ ಮುಖವನ್ನೇ ನೋಡಿದಳು. ನಿಜವಾಗಿ ಮರೆತಿದ್ದೆನೋ, ಗುಂಡಿ ಒತ್ತಿದ್ದೆನೋ, ನೀವೂ ಕೇಳಬೇಡಿ. ನನಗೇ ಪೂರ್ತಿ ಖಾತ್ರಿಯಿಲ್ಲ. ವನಜ ಚಾಕು ಕೆಳಗಿಟ್ಟು, ಮೊಬೈಲಿನ ಮುಖವನ್ನು ಭರಣಿಯ ಕಡೆಗೆ ತಿರುಗಿಸಿ, “ಮೊದಲು ಆ ಚಪ್ಪಲಿ,” ಎಂದು ಶುರುಮಾಡಿದಳು. ಆಚೆ ಯಾವುದೋ ಜಪಾನೀ ಶಬ್ದ ಉಪ್ಪಿನಕಾಯಿಯನ್ನು ನೋಡುತ್ತ ಕಾಯುತ್ತಿತ್ತು. ಕಾಯಲಿ.