ಬಾರದವಳ ಪಾಲಿನ ಮಣ್ಣು

ಮೊನ್ನೆ ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಇಸ್ತ್ರಿ ಅಂಗಿಯ ಇಬ್ಬರು ಗಂಡಸರು ನನ್ನ ಪಕ್ಕದ ಬೆಂಚಿನಲ್ಲಿ ಕೂತು ದೇಶ ಉದ್ಧಾರ ಮಾಡುತ್ತಿದ್ದರು. "ಪುಕ್ಕಟೆ ಅಕ್ಕಿ ತಿಂದು ಜನ ಸೋಮಾರಿ ಆಗ್ಯಾರೆ ಕಣ್ರೀ. ಕೆಲಸ ಇಲ್ದೋರಿಗೆ ಕೊಡ್ಲಿ, ಬ್ಯಾಡ ಅನ್ನಲ್ಲ. ಆದ್ರೆ ಒಂದಿಷ್ಟು ಮೈ ಬಗ್ಗಿಸಿ ದುಡಿಸಿಕೊಂಡು ಕೊಡಬೇಕು," ಎಂದು ಒಬ್ಬ ಹೇಳಿದ. ಇನ್ನೊಬ್ಬ ತಲೆಯಾಡಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು. ಈ ಮುದುಕಿಯ ಬಾಯಿಗೆ ಸಿಕ್ಕು ಅವರ ಮಾನ ಹರಾಜಾಗುತ್ತಿತ್ತು. ಅವರ ಪುಣ್ಯಕ್ಕೆ ಸೊರಬದ ಬಸ್ಸು ಬಂತು.

ಕಿಟಕಿಯ ಪಕ್ಕ ಕೂತು ಸಿಟ್ಟು ಇಳಿದ ಮೇಲೆ ಬೇರೆಯೇ ಒಂದು ನೆನಪು ಎದ್ದು ಬಂತು. ಆ ಮಾತು ಅವರಿಬ್ಬರದೇ ಅಲ್ಲ. ನಮ್ಮ ಊರಿನ ಹೆಂಗಸರೂ ಒಂದು ಬೇಸಗೆಯಲ್ಲಿ ಅದನ್ನೇ ನಂಬಿದ್ದರು. ಒಳ್ಳೆಯ ಮನಸ್ಸಿನಿಂದ, ಪ್ರೀತಿಯಿಂದ ನಂಬಿದ್ದರು.

ನಾನು ಹುಟ್ಟಿದ್ದು ಶಿಕಾರಿಪುರದ ಕಡೆ. ಕೊಟ್ಟಿದ್ದು ಸೊರಬದಿಂದ ಜಡೆಗೆ ಹೋಗುವ ದಾರಿಯ ಒಂದು ಸಣ್ಣ ಊರಿಗೆ. ದೂರವೇನಿಲ್ಲ, ಆದರೂ ನನ್ನ ಮಾತು ಅಲ್ಲಿಯವರಿಗೆ ತಮಾಷೆ. ನಾನು ಬಾಯಿ ತೆರೆದರೆ ಸಾಕು, ಓರಗಿತ್ತಿಯರು "ಹೌದ್ರೀ, ಬರ್ರೀ, ಹೋಗ್ರೀ" ಎಂದು ಅಣಕಿಸಿ ನಗುತ್ತಿದ್ದರು. ನನ್ನ ಅತ್ತೆ ಮಾತ್ರ ನಗುತ್ತಿರಲಿಲ್ಲ. ಆಕೆ ಕೇರಿಗೆಲ್ಲ ದೊಡ್ಡವಳು. ಯಾರ ಮನೆಯಲ್ಲಿ ಬಾಣಂತನ, ಯಾರ ಗದ್ದೆಗೆ ಎಷ್ಟು ಆಳು ಬೇಕು, ಎಲ್ಲವೂ ಆಕೆಯ ಬಾಯಲ್ಲೇ ತೀರ್ಮಾನವಾಗಬೇಕು.

ಮದುವೆಯಾದ ಮಾರನೆಯ ವರ್ಷವೇ ಇರಬೇಕು, ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸಾಯುತ್ತಿವೆ ಎಂದು ಸುದ್ದಿ ಬಂತು. ಮಂಗ ಸತ್ತ ಕಡೆ ಓಡಾಡಿದ ಮನುಷ್ಯರಿಗೂ ಜ್ವರ ಹಿಡಿಯುತ್ತದೆ ಎಂದರು. ಅದು ಮೈಗೆ ಕಚ್ಚಿ ರಕ್ತ ಹೀರುವ ಉಣುಗಿನಿಂದ ಬರುತ್ತದೆ ಎಂದೆಲ್ಲ ಗೊತ್ತಾದದ್ದು ಆಮೇಲೆ. ಆಗ ನಮಗೆ ತಿಳಿದದ್ದು ಇಷ್ಟೇ: ಕಾಡಿಗೆ ಹೋಗಬಾರದು. ಹೇಳುವವರಿಗೇನು, ಹೇಳಿ ಹೋದರು. ನಮ್ಮ ಕೇರಿಯ ಅರ್ಧ ಮನೆಗಳ ಒಲೆ ಉರಿಯುತ್ತಿದ್ದುದೇ ಕಾಡಿನಿಂದ. ಸೌದೆ, ಸೀಗೆಕಾಯಿ, ಪೊರಕೆಹುಲ್ಲು, ಊಟದ ಎಲೆ ಎಲ್ಲ ಅಲ್ಲಿಂದಲೇ ಬರಬೇಕಿತ್ತು.

ನಮ್ಮ ಹಿತ್ತಲಿನ ಆಚೆ ಒಬ್ಬ ವಿಧವೆ ಇದ್ದಳು. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವಳು, ಎಲ್ಲರಿಗೂ ಅಕ್ಕ. ಮಕ್ಕಳಿರಲಿಲ್ಲ. ಕಾಡಿನಿಂದ ಎಲೆ ತಂದು, ಕಡ್ಡಿ ಚುಚ್ಚಿ ಊಟದೆಲೆ ಹಚ್ಚಿ ಸೊರಬದ ಸಂತೆಯಲ್ಲಿ ಮಾರಿ ಬದುಕುತ್ತಿದ್ದಳು. ಹೊಸದಾಗಿ ಬಂದ ನನ್ನನ್ನು ಅಣಕಿಸದೆ ಮಾತಾಡಿಸಿದ ಮೊದಲನೆಯವಳು ಅವಳೇ. ಹಬ್ಬಕ್ಕೆ ನಾವು ಪಾಯಸ ಕೊಟ್ಟರೆ ಆ ಪಾತ್ರೆ ಖಾಲಿಯಾಗಿ ವಾಪಸ್ ಬಂದದ್ದೇ ಇಲ್ಲ. ಏನೂ ಇಲ್ಲದಿದ್ದರೆ ಎರಡು ಹಸಿಮೆಣಸಿನಕಾಯಿಯನ್ನಾದರೂ ಹಾಕಿ ಕಳಿಸುತ್ತಿದ್ದಳು. ಬೇಡವೆಂದರೂ ಕಾಡಿಗೆ ಹೋದಳು, ಜ್ವರ ಹಿಡಿಯಿತು. ನೋಡಿಕೊಳ್ಳಲು ತವರೂರು ಹೊಸಬಾಳೆಯಿಂದ ಅವಳ ಮುದಿ ತಾಯಿ ಬಂದಳು.

ಆ ಹೊತ್ತಿಗೇ ಊರಿನ ಕೆರೆಯ ಏರಿಗೆ ಮಣ್ಣು ಹೊರುವ ಕೆಲಸ ಬಂತು. ಕಾಡು ಮುಚ್ಚಿ ಕೈ ಖಾಲಿಯಾದವರಿಗೆ ಸರ್ಕಾರದ ಸಹಾಯ ಎಂದರು. ಕೂಲಿಯ ಬದಲು ಕಾಳು. ಮಣ್ಣು ಹೊತ್ತವರಿಗೆ ಕಾಳು ಉಂಟು, ಹೊರದವರಿಗೆ ಇಲ್ಲ. ಒಬ್ಬೊಬ್ಬರೂ ಏರಿಯ ಮೇಲೆ ತಮ್ಮ ತಮ್ಮ ಗುಡ್ಡೆ ಹಾಕಬೇಕು. ಸಂಜೆ ಕೆಲಸ ಮಾಡಿಸುವ ಮೇಸ್ತ್ರಿ ಗುಡ್ಡೆ ನೋಡಿ ಕಾಳು ಅಳೆದು ಕೊಡುತ್ತಾನೆ.

ಕೊಟ್ಟದ್ದು ಜೋಳ! ಅನ್ನ ಬಿಟ್ಟು ಬೇರೆ ಕಾಣದ ಹೆಂಗಸರು ಅದನ್ನು ಮೊರದಲ್ಲಿ ಹಾಕಿಕೊಂಡು ಪಿಳಿಪಿಳಿ ನೋಡುತ್ತ ಕೂತರು. ಒಬ್ಬಳು ಅನ್ನದ ಹಾಗೆ ಬೇಯಿಸಲು ಹೋಗಿ ಸೌದೆಯೆಲ್ಲ ಮುಗಿಸಿದಳು. ನನ್ನನ್ನು ಅಣಕಿಸಿದವರೆಲ್ಲ ಈಗ ನಮ್ಮ ಒಲೆಯ ಮುಂದೆ ಬಂದು, "ರೊಟ್ಟಿ ಬಡಿಯೋದು ಹೆಂಗೆ, ತೋರ್ಸೇ ಮಾರಾಯ್ತಿ" ಎಂದರು. ನಾನೂ ಬಿಡಲಿಲ್ಲ. "ಬರ್ರೀ, ಕೂಡ್ರಿ, ನೋಡ್ರೀ" ಎಂದು ಬೇಕೆಂದೇ ರಾಗ ಎಳೆದು ಹೇಳಿಕೊಟ್ಟೆ. ಆ ಬೇಸಗೆಯಲ್ಲಿ ನಾವು ನಕ್ಕದ್ದೂ ಉಂಟು.

ಅಕ್ಕನ ಮನೆಯಲ್ಲಿ ಮಾತ್ರ ಏನೂ ಇರಲಿಲ್ಲ. ಜ್ವರ ಬಿಟ್ಟಿತ್ತು, ಆದರೆ ಎದ್ದು ನಿಂತರೆ ಕಾಲು ನಡುಗುತ್ತಿತ್ತು. ಅತ್ತೆ ಮೇಸ್ತ್ರಿಯ ಹತ್ತಿರ ಹೋಗಿ ಕೇಳಿದಳು. ಆತ ಕೆಟ್ಟವನಲ್ಲ, ಎಲ್ಲಿಂದಲೋ ಬಂದು ಶಾಲೆಯ ಜಗಲಿಯಲ್ಲಿ ಮಲಗುತ್ತಿದ್ದ ಮನುಷ್ಯ.

"ಕೆಲಸಕ್ಕೆ ಬರದೋರಿಗೆ ಕೊಡೋಕೆ ನಂಗೆ ಅಪ್ಪಣೆ ಇಲ್ಲಮ್ಮ. ಆದ್ರೆ ಅವರ ಪಾಲಿಂದು ಅಂತ ಅಲ್ಲೊಂದು ಗುಡ್ಡೆ ಇದ್ರೆ, ಯಾರ ತಲೆ ಮೇಲೆ ಬಂತು ಅಂತ ನಾನು ನೋಡಕ್ಕೆ ಹೋಗಲ್ಲ," ಎಂದ.

ಅತ್ತೆ ಅಲ್ಲೇ ಹೆಂಗಸರನ್ನೆಲ್ಲ ಕರೆದು, ದಿನಾ ಒಬ್ಬೊಬ್ಬರ ಸರದಿ, ಅಕ್ಕನ ಪಾಲಿನ ಮಣ್ಣನ್ನೂ ಹೊರಬೇಕು ಎಂದಳು. ನನಗೆ ತಡೆಯಲಾಗಲಿಲ್ಲ.

"ಅತ್ತೀ, ನಮ್ಮ ಪಾಲಿನಾಗೆ ಒಂದೊಂದು ಹಿಡಿ ಎತ್ತಿ ಕೊಟ್ರೆ ಮುಗೀತಲ್ರೀ. ಬ್ಯಾನಿ ಬಿದ್ದೋಳಿಗೆ ಅನ್ನ ಹಾಕಾಕೆ ಮಣ್ಣು ಯಾಕೆ ಹೊರಬೇಕು?"

"ಎಂತದೇ ನೀನು! ಅವಳಿಗೆ ಭಿಕ್ಷೆ ಹಾಕಕ್ಕೆ ಹೊರಟ್ಯಾ? ಅವಳು ನಮ್ಮ ಸರೀಕಳು. ಸುಮ್ನೆ ಕೊಟ್ರೆ ಮುಟ್ಟದೂ ಇಲ್ಲ. ಮುಯ್ಯಾಳು ಅಂತ ಹೇಳನ. ಅವಳೂ ಉಣ್ತಾಳೆ, ಮರ್ಯಾದಿನೂ ಉಳೀತದೆ."

ಮುಯ್ಯಾಳು ನಮ್ಮ ಕಡೆಯ ಹಳೆಯ ಪದ್ಧತಿ. ಇವತ್ತು ನಾನು ನಿನ್ನ ಗದ್ದೆಗೆ ಬರುತ್ತೇನೆ, ನಾಳೆ ನೀನು ನನ್ನ ಗದ್ದೆಗೆ ಬಾ. ಅದರಲ್ಲಿ ಕೂಲಿ ಇಲ್ಲ, ದೊಡ್ಡವರು ಸಣ್ಣವರು ಎಂಬುದೂ ಇಲ್ಲ. ಬಂದ ಮುಯ್ಯಿಯನ್ನು ತೀರಿಸು ಎಂದು ಯಾರೂ ಕೇಳುವುದಿಲ್ಲ, ತೀರಿಸದೆ ಯಾರೂ ಇರುವುದಿಲ್ಲ. ತೀರಿಸಲು ಬಂದವರನ್ನು ಬೇಡವೆಂದು ಕಳಿಸಿದರೆ ಆ ಮನೆಯ ಸಂಬಂಧವನ್ನೇ ಕಡಿದುಕೊಂಡ ಹಾಗೆ. ಇಷ್ಟು ಚೆಂದದ ಪದ್ಧತಿಯ ಬಗ್ಗೆ ನಾನು ಏನು ತಕರಾರು ಮಾಡಲಿ?

ಅಂದು ಸಂಜೆ ಅತ್ತೆಯೂ ನಾನೂ ಅಕ್ಕನ ಮನೆಗೆ ಹೋದೆವು. ನನ್ನ ಕೈಯಲ್ಲಿ ಬಿಸಿ ರೊಟ್ಟಿ ಇತ್ತು. ಅಕ್ಕ ಅದನ್ನು ನೋಡಿ ಗೋಡೆಯ ಕಡೆ ತಿರುಗಿದಳು. ಅತ್ತೆ ಅವಳ ಪಕ್ಕ ಕೂತು, "ಇದು ನಿಂದೇ ಜೋಳ. ನಿನ್ನ ಮಣ್ಣು ನಾವೆಲ್ಲ ಸರದಿ ಮೇಲೆ ಹೊರ್ತಿದೀವಿ, ಮುಯ್ಯಾಳು ಅಂತ ಇಟ್ಕ. ನೀನು ಎದ್ದ ಮೇಲೆ ತೀರಿಸಿದ್ರೆ ಆತು," ಎಂದಳು. ಅಕ್ಕ ನಿಧಾನಕ್ಕೆ ಈ ಕಡೆ ತಿರುಗಿದಳು. ತಾಯಿ ಅವಳನ್ನು ಎತ್ತಿ ಕೂರಿಸಿ, ರೊಟ್ಟಿಯನ್ನು ಮಜ್ಜಿಗೆಯಲ್ಲಿ ಕಿವುಚಿ ತಿನ್ನಿಸಿದಳು. ದಾರಿಯಲ್ಲಿ ಅತ್ತೆ ನನ್ನನ್ನು ನೋಡಿ, ಹೇಗೆ ಎನ್ನುವಂತೆ ಹುಬ್ಬು ಹಾರಿಸಿದಳು. ಆಕೆಯನ್ನು ನಾನು ಅಂದಿನಷ್ಟು ಮೆಚ್ಚಿದ್ದು ಇನ್ನೆಂದೂ ಇಲ್ಲ.

ಹೀಗೆ ಏರಿಯ ಮೇಲೆ ನಮ್ಮ ಗುಡ್ಡೆಗಳ ಪಕ್ಕದಲ್ಲಿ, ಒಂದು ದಿನವೂ ಅಲ್ಲಿಗೆ ಬಾರದವಳ ಗುಡ್ಡೆಯೊಂದು ಬೆಳೆಯಿತು. ಹೆಂಗಸರು ಅದಕ್ಕೆ ಬುಟ್ಟಿ ಸುರಿಯುವಾಗ ತುಸು ಹೆಚ್ಚೇ ತುಂಬಿ ತರುತ್ತಿದ್ದರು. ಸಂಜೆ ನಾನು ರೊಟ್ಟಿ ಕೊಡಲು ಹೋದರೆ ಅಕ್ಕ ದಿನವೂ ಒಂದೇ ಮಾತು ಕೇಳುತ್ತಿದ್ದಳು. "ಇವತ್ತು ನನ್ನ ಪಾಲಿಂದು ಯಾರು ಹೊತ್ರೇ?" ಇಂಥ ಮನೆಯವರು ಎಂದು ನಾನು ಹೇಳುತ್ತಿದ್ದೆ. ಮಲಗಿದವಳಿಗೆ ಊರ ಸುದ್ದಿ ಕೇಳುವ ಆಸೆ ಎಂದುಕೊಂಡಿದ್ದೆ.

ಏರಿ ಮುಗಿಯಿತು, ಮೇಸ್ತ್ರಿ ಹೊರಟುಹೋದ. ಮಳೆಗೆ ಮುಂಚೆ ತಿಪ್ಪೆಯ ಗೊಬ್ಬರವನ್ನು ಗದ್ದೆಗೆ ಹೊರುವ ಕೆಲಸ ಶುರುವಾಯಿತು. ಅದೂ ಹೆಂಗಸರ ಕೆಲಸ, ಮುಯ್ಯಾಳಿನದೇ ಕೆಲಸ. ಒಂದು ಬೆಳಗ್ಗೆ ನೋಡಿದರೆ ಅಕ್ಕ ತಲೆಗೆ ಸಿಂಬಿ ಇಟ್ಟುಕೊಂಡು, ಬುಟ್ಟಿ ಹಿಡಿದು, ಮೂಲೆಮನೆಯವರ ತಿಪ್ಪೆಯ ಹತ್ತಿರ ನಿಂತಿದ್ದಾಳೆ. ಮುಖದಲ್ಲಿ ರಕ್ತವಿಲ್ಲ.

ಅತ್ತೆ ಓಡಿಹೋದಳು. "ಈಗ್ಲೇ ಯಾಕೆ ಬಂದ್ಯೇ? ಇನ್ನೊಂದಿಷ್ಟು ದಿನ ಸುಧಾರ್ಸ್ಕ."

"ಮಳೆ ಬಿದ್ದ ಮೇಲೆ ಗೊಬ್ಬರ ಹೊರಕ್ಕೆ ಆಗ್ತದಾ? ಬುಟ್ಟಿಗೆ ಬುಟ್ಟಿ ತೀರಿದ್ರೆ ನಂಗೂ ರಾತ್ರಿ ನಿದ್ದೆ ಬರ್ತದೆ," ಎಂದು ಅಕ್ಕ ನಕ್ಕಳು.

ಹೋಗು ಎಂದರೆ ಅವಮಾನ, ಬಾ ಎಂದರೆ ಅನ್ಯಾಯ. ಕೊನೆಗೆ ಅತ್ತೆ ಗೊಬ್ಬರ ತುಂಬುವವಳಿಗೆ ಕಣ್ಸನ್ನೆ ಮಾಡಿದಳು. ಅವಳು ಅಕ್ಕನ ಬುಟ್ಟಿಗೆ ಅರ್ಧ ಮಾತ್ರ ತುಂಬಿದಳು. ಅಕ್ಕ ಬುಟ್ಟಿಯನ್ನು ಎತ್ತಲಿಲ್ಲ. ನಮ್ಮೆಲ್ಲರ ಮುಖವನ್ನೂ ನೋಡಿ, "ನೀವು ನಂಗೆ ಅರ್ಧ ಬುಟ್ಟಿ ಹೊತ್ತಿದ್ರಾ?" ಎಂದು ಕೇಳಿದಳು. ಬುಟ್ಟಿ ತುಂಬಿಸಿಕೊಂಡೇ ಹೊರಟಳು.

ಹೀಗೆ ಮನೆಯಿಂದ ಮನೆಗೆ ಹೋದಳು. ದಿನಾ ಸಂಜೆ ನನ್ನಿಂದ ಕೇಳಿ ತಿಳಿದದ್ದೆಲ್ಲ ಅವಳ ನೆನಪಿನಲ್ಲಿತ್ತು. ಯಾರು ಮೊದಲು ಹೊತ್ತಿದ್ದರೋ ಅವರ ಗದ್ದೆಗೆ ಮೊದಲು. ನಮ್ಮ ಮನೆಯ ಸರದಿ ಕೊನೆಯದು. ಇಷ್ಟು ದಿನ ದಿನವೂ ಹೆಸರು ಹೇಳಿದವಳು ನಾನೇ. ನಾನು ಅತ್ತೆಯೊಡನೆ ಜಗಳಕ್ಕೇ ನಿಂತೆ. "ನೀವೊಂದು ಮಾತು ಹೇಳ್ರೀ, ಮುಯ್ಯಿ ಇಲ್ಲ ಏನಿಲ್ಲ ಅನ್ರೀ," ಎಂದೆ. "ಹಂಗಂದ್ರೆ ಇಷ್ಟು ದಿನ ಭಿಕ್ಷೆ ಉಂಡೆ ಅಂತ ಅವಳು ಬಾವಿಗೆ ಬೀಳ್ತಾಳೆ ಕಣೇ," ಎಂದು ಅತ್ತೆ ಗದರಿದಳು.

ನಮ್ಮದಕ್ಕೆ ಹಿಂದಿನ ಸರದಿಯ ಮನೆಯವರ ಗದ್ದೆಯ ಅಂಚಿನಲ್ಲಿ ಅಕ್ಕ ಬುಟ್ಟಿಯ ಸಮೇತ ಕುಸಿದಳು. ಎತ್ತಿಕೊಂಡು ಬಂದು ಮಲಗಿಸಿದೆವು. ಮತ್ತೆ ಏಳಲಿಲ್ಲ. ಆ ಜ್ವರವೇ ತಿರುಗಿ ಬಂತೋ, ಬರೀ ನಿತ್ರಾಣಕ್ಕೆ ಹೋದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗಾಡಿ ಕಟ್ಟಿ ಸೊರಬಕ್ಕೆ ಒಯ್ಯಬೇಕು ಎಂದು ಗಂಡಸರು ಮಾತಾಡಿಕೊಳ್ಳುವಷ್ಟರಲ್ಲಿ ಉಸಿರು ನಿಂತಿತ್ತು.

ಬಸ್‌ಸ್ಟ್ಯಾಂಡಿನ ಆ ಗಂಡಸರಿಗೆ ನಾನು ಏನು ಹೇಳಬಹುದಿತ್ತು? ದುಡಿದು ಉಣ್ಣಬೇಕು ಎಂಬ ಮಾತನ್ನು ಅಕ್ಕನಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಿರಲಿಲ್ಲ. ಅದು ಅವಳ ಮೂಳೆಯಲ್ಲೇ ಇತ್ತು, ನಮ್ಮೆಲ್ಲರದರಲ್ಲೂ ಇತ್ತು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ನಮಗೆ ಕಣ್ಣು ಮುಚ್ಚಿಕೊಳ್ಳಲು ಬರಲಿಲ್ಲ. ಹಸಿದವಳ ಮುಂದೆ ತಟ್ಟೆ ಇಡುವಾಗ ಸುಮ್ಮನೆ ಇಡುವುದು ಹೇಗೆ ಎಂದೇ ನಮಗೆ ಗೊತ್ತಿರಲಿಲ್ಲ. ಈಗಲೂ ಜಡೆಯ ಬಸ್ಸು ಆ ಕೆರೆಯ ಪಕ್ಕ ಹೋಗುವಾಗ ನಾನು ಏರಿಯ ಕಡೆ ನೋಡುವುದಿಲ್ಲ.

ಅಕ್ಕನ ತಿಥಿ ಮುಗಿದ ಮಾರನೆಯ ಬೆಳಗ್ಗೆ ಅವಳ ತಾಯಿ ನಮ್ಮ ಅಂಗಳಕ್ಕೆ ಬಂದಳು. ಊರಿಗೆ ಹೊರಟವಳು ಹೇಳಿ ಹೋಗಲು ಬಂದಳೆಂದುಕೊಂಡೆ. ಕಂಕುಳಲ್ಲಿ ಮಗಳ ಬುಟ್ಟಿ ಇತ್ತು, ಕೈಯಲ್ಲಿ ಸಿಂಬಿ.

"ನಿಮ್ಮನೆ ಮುಯ್ಯಿ ಒಂದು ಉಳ್ಕಂಡಿತ್ತಂತೆ. ಕೊನೇ ದಿನ ಅದನ್ನೇ ಹೇಳ್ತಿದ್ಲು. ತಿಪ್ಪೆ ಎಲ್ಲಿದೆ ತೋರ್ಸಮ್ಮ, ನಂಗೆ ಆದಷ್ಟು ಹೊರ್ತೀನಿ," ಎಂದಳು.

ಅತ್ತೆ ಜಗಲಿಯಿಂದ ಇಳಿದು ಬಂದು ಬುಟ್ಟಿಯನ್ನು ಕಿತ್ತುಕೊಂಡಳು. "ಎಂತ ಮುಯ್ಯಿ! ಯಾವ ಮುಯ್ಯಿನೂ ಇಲ್ಲ. ಅದು ನಾವು ಸುಮ್ನೆ ಕೊಟ್ಟಿದ್ದು, ಸುಮ್ನೆ," ಎಂದು ಅಂಗಳದಲ್ಲೇ ಅಳತೊಡಗಿದಳು.

ಮುದುಕಿ ಅಳಲಿಲ್ಲ. ಕೈಯಲ್ಲಿದ್ದ ಸಿಂಬಿಯನ್ನು ಜಗಲಿಯ ಮೇಲೆ ಇಟ್ಟಳು.

"ಈ ಮಾತನ್ನ ಅವಳಿಗೆ ಹೇಳಿದ್ರೆ ಆಗಿತ್ತಲ್ಲಮ್ಮ," ಎಂದಳು.