ಗಾಣದ ಪಕ್ಕದ ಜೇನು

ಸಿಹಿ ಎಲ್ಲಿದೆಯೋ ಜೇನು ಅಲ್ಲೇ ಇರಬೇಕಲ್ಲವೇ? ಕಬ್ಬಿನ ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಇದರಲ್ಲಿ ಅನುಮಾನವೇ ಇರಲಿಲ್ಲ. ಹಾಗಾಗಿ ತರಬೇತಿ ಮುಗಿಸಿ ಎಂಟು ಜೇನುಪೆಟ್ಟಿಗೆ ಪಡೆದ ನಾವು ನಾಲ್ವರು ಹುಡುಗಿಯರು ಅವನ್ನು ಮುಧೋಳದ ಹತ್ತಿರ ನನ್ನ ಸೋದರಮಾವನ ಹೊಲದಲ್ಲಿ, ಬೆಲ್ಲದ ಗಾಣದ ಪಕ್ಕದಲ್ಲೇ ಸಾಲಾಗಿ ಇಟ್ಟೆವು. ಬೇರೆ ಸೀಮೆಯವರಾಗಿದ್ದರೆ ಇಂಥ ತಪ್ಪು ಮಾಡುತ್ತಿರಲಿಲ್ಲವೇನೋ. ನಾವಂತೂ ನಮ್ಮ ಜಾಣತನಕ್ಕೆ ನಾವೇ ಬೆನ್ನು ತಟ್ಟಿಕೊಂಡೆವು.

ನಾಲ್ವರೂ ಬನಹಟ್ಟಿಯ ನೇಕಾರರ ಮನೆಯವರು. ಡಿಗ್ರಿ ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ, ಮನೆಯಲ್ಲಿ ಕೂತು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದೆವು. ಆ ಕೆಲಸ ಕೀಳೆಂದು ನಾನು ಹೇಳುವುದಿಲ್ಲ. ಆದರೆ ದಿನವಿಡೀ ಸುತ್ತಿದರೂ ಸೀರೆ ಬೇರೆಯವರದೇ. ಜೇನು ನಮ್ಮದು ಅನ್ನಿಸಿತ್ತು. ತರಬೇತಿಯಲ್ಲಿ ಮೊದಲ ಸಲ, ಜೇನು ಮೇಣದ ಎರಿ ಕಟ್ಟಿದ ಚೌಕಟ್ಟನ್ನು ಎತ್ತಿ ಹಿಡಿದಾಗ ಮೈ ಜುಮ್ಮೆಂದಿತು. ಅಷ್ಟೊಂದು ಜೀವ, ಹೇಳುವವರು ಕೇಳುವವರು ಯಾರೂ ಇಲ್ಲ, ಆದರೂ ಒಂದೂ ಮೈಗಳ್ಳತನ ಮಾಡುತ್ತಿಲ್ಲ. ನನ್ನಂಥ ಮುಂಗೋಪಿ ಅಷ್ಟು ಹೊತ್ತು ಉಸಿರು ಬಿಗಿಹಿಡಿದು ನಿಂತದ್ದೇ ಒಂದು ಸೋಜಿಗ.

ಗಾಣ ಶುರುವಾದ ಮೇಲೆ ಪೆಟ್ಟಿಗೆಗಳು ಭಾರವಾಗತೊಡಗಿದವು. ನಾವು ಕುಣಿದಾಡಿದೆವು. ಹತ್ತು ಹನ್ನೆರಡು ದಿನ ಕಳೆದಿರಬೇಕು, ಬೆಲ್ಲ ಕಾಯಿಸುವ ಮುದುಕ ನನ್ನನ್ನು ಕರೆದ. ಕುದಿಯುವ ಕೊಪ್ಪರಿಗೆಯ ನೊರೆಯನ್ನು ಜಾಲರಿಯಲ್ಲಿ ಎತ್ತಿ ನನ್ನ ಮುಂದೆ ಹಿಡಿದ. ನೊರೆಯ ತುಂಬ ಸತ್ತ ಜೇನು.

"ಬೆಲ್ಲ ಇದ್ದಲ್ಲಿ ನೊಣ ಬರೂದು ಖರೆ ಬಿಡವಾ. ಆದ್ರ ನಿಮ್ಮ ಹುಳಕ್ಕ ಕಾದದ್ದು ಯಾವ್ದು, ಆರಿದ್ದು ಯಾವ್ದು ತಿಳಿಯೂದಿಲ್ಲ," ಎಂದ.

ಅಂದು ನನಗೆ ಊಟ ಸೇರಲಿಲ್ಲ. ಕಬ್ಬಿನ ಹಾಲಿನಲ್ಲಿ ಸಿಹಿ ಇದೆ, ಪರಾಗವಿಲ್ಲ. ಪರಾಗವಿಲ್ಲದೆ ಮರಿಗಳಿಗೆ ಮೇವಿಲ್ಲ. ಮೇವಿಲ್ಲವೆಂದರೆ ರಾಣಿ ಮೊಟ್ಟೆಯಿಡುವುದನ್ನೇ ನಿಲ್ಲಿಸುತ್ತದೆ. ಇದನ್ನೆಲ್ಲ ತರಬೇತಿಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡಿದ್ದೆ. ಬರೆದದ್ದು ನೋಟ್‌ಬುಕ್ಕಿನಲ್ಲೇ ಉಳಿದಿತ್ತು. ತಿಂಗಳು ತುಂಬುವುದರೊಳಗೆ ಏಳು ಪೆಟ್ಟಿಗೆಗಳು ಬರಿದಾದವು. ಗೆಳತಿಯರು ಮೂವರೂ ಅತ್ತು, ಮತ್ತೆ ಕಂಡಿಕೆ ಸುತ್ತಲು ಕೂತರು. "ಅದೊಂದೂ ಹೋತಂದ್ರ ನೀನೂ ಬಂದ್ಬಿಡು," ಎಂದರು. ಉಳಿದ ಆ ಒಂದು ಪೆಟ್ಟಿಗೆ ಸತ್ತರೆ ನಮ್ಮ ಗುಂಪಿನ ಕಥೆ ಮುಗಿದಂತೆಯೇ.

ಬೀಳಗಿ ಕಡೆ ಉಳ್ಳಾಗಡ್ಡಿಯ, ಅಂದರೆ ಈರುಳ್ಳಿಯ, ಬೀಜ ಬೆಳೆಯುವ ರೈತರೊಬ್ಬರು ಹೂವು ಬೀಜ ಕಟ್ಟಲೆಂದು ಜೇನು ಹುಡುಕುತ್ತಿದ್ದಾರೆಂದು ಕೇಳಿ, ಫೋನ್ ಮಾಡಿ ನಮ್ಮ ನಾಲ್ವರ ಪಾಡು ಹೇಳಿದೆ.

"ಹೂ ತುಂಬ ಬಿಟ್ಟೈತ್ರಿ, ಕೂಡ್ರಾಕ ಹುಳಾನ ಇಲ್ಲ. ಲಗೂ ತರ್ರಿ. ನಿಮ್ಮ ಪೆಟಿಗಿ ಉಳೀತಂದ್ರ ಸುತ್ತಲ ಹೊಲದವರೂ ಕೇಳ್ತಾರ, ನಿಮ್ಮ ನಾಕೂ ಮಂದಿಗೆ ಕೈತುಂಬ ಕೆಲಸ," ಎಂದರು.

ಸಂಜೆ ಕೊನೆಯ ಜೇನು ಒಳಹೋಗುವವರೆಗೆ ಕಾದು ಬಾಗಿಲಿಗೆ ಜಾಲರಿ ಬಿಗಿದೆ. ಮರುದಿನ ನಸುಕಿನಲ್ಲಿ ಅಪ್ಪ ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಟಂಟಂ ಆಟೋದಲ್ಲಿ ಕೂತ. ಬೀಳಗಿ ತಲುಪುವವರೆಗೆ ಕಾಲು ಸಹ ಬದಲಿಸಲಿಲ್ಲ.

ಹೊಲದುದ್ದಕ್ಕೂ ಬಿಳಿ ಹೂವಿನ ಚೆಂಡುಗಳು, ಬದುವಿನಾಚೆ ತೆನೆ ಬಿಟ್ಟ ಜೋಳ. ನಾನು ಬಾಗಿಲು ತೆಗೆದೆ. ಮೊದಲು ಹೊರಬಂದ ಜೇನು ಹಾರಿಹೋಗಲಿಲ್ಲ. ತಿರುಗಿ ಪೆಟ್ಟಿಗೆಗೇ ಮುಖಮಾಡಿ, ಗಾಳಿಯಲ್ಲಿ ತೂಗಾಡುತ್ತ, ತನ್ನ ಮನೆಯನ್ನು ಚೆನ್ನಾಗಿ ನೋಡಿಕೊಂಡಿತು. ಹಿಂದೆ ಬಂದವೂ ಹಾಗೆಯೇ. ಮನೆಯ ಗುರುತು ಹಿಡಿದ ಮೇಲಷ್ಟೇ ದುಡಿಯಲು ಹೊರಟವು. ಸಾಸಿವೆಯಷ್ಟು ತಲೆಯಲ್ಲಿ ಎಷ್ಟು ವಿವೇಕ! ಡಿಗ್ರಿ ಮಾಡಿದ ನಾನು ಗಾಣದ ಪಕ್ಕ ಪೆಟ್ಟಿಗೆ ಇಟ್ಟಿದ್ದೆ. ನಿಂತಲ್ಲೇ ಕೈಮುಗಿದೆ, ನಗುವವರು ನಗಲಿ.

ಒಂದು ವಾರ ಬಿಟ್ಟು ಅಪ್ಪನೂ ನಾನೂ ಮತ್ತೆ ಹೋದೆವು. ಪೆಟ್ಟಿಗೆ ತೆರೆಯಲು ನನಗೆ ಧೈರ್ಯ ಬರಲಿಲ್ಲ. ರಾಣಿ ಸತ್ತಿದ್ದರೆ, ಎಷ್ಟು ಹೂವಿದ್ದರೂ ಆ ಕುಟುಂಬ ಉಳಿಯುವುದಿಲ್ಲ. ಪವರ್‌ಲೂಮಿನ ಸದ್ದಿನಲ್ಲಿ ಬಾಳು ಸವೆಸಿದ ಅಪ್ಪನಿಗೆ ಕಿವಿ ಅಷ್ಟಕ್ಕಷ್ಟೇ. ನಮ್ಮಲ್ಲಿ ಅಂಥ ಹಳೆಯ ನೇಕಾರರು ಮಗ್ಗದ ಮೇಲೆ ಅಂಗೈಯಿಟ್ಟು ಅದು ಸರಿಯಾಗಿ ಓಡುತ್ತಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಅಪ್ಪ ಹಾಗೆಯೇ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದ. ನಾನು ಅವನ ಮುಖವನ್ನೇ ನೋಡುತ್ತ ನಿಂತೆ. ಅವನು ಕಣ್ಣು ತೆರೆದೊಡನೆ ಹೇಗಿದೆ ಎಂದು ಕೈಸನ್ನೆ ಮಾಡಿದೆ.

"ಎಳಿ ಹರದಿಲ್ಲ," ಎಂದ. "ತಗಿ."

ತೆಗೆದೆ. ಎರಿಯ ಅಂಚಿನಲ್ಲಿ ಜೋಳದ ಹಳದಿ ಪರಾಗ ತುಂಬಿತ್ತು. ನಡುವಿನ ಕೋಣೆಗಳ ತಳದಲ್ಲಿ ನೂಲಿನ ಚೂರಿನಷ್ಟು ಬಿಳಿ ಮೊಟ್ಟೆಗಳು. ಇಟ್ಟ ದಿನ ಮೊಟ್ಟೆ ನೆಟ್ಟಗೆ ನಿಂತಿರುತ್ತದೆ, ಮೂರನೆಯ ದಿನಕ್ಕೆ ಮಲಗಿಬಿಡುತ್ತದೆ. ಇವು ನಿಂತಿದ್ದವು. ಒಂದೆರಡಲ್ಲ, ಕೋಣೆ ಕೋಣೆಯಲ್ಲೂ.

"ಅದಾಳ ಅಪ್ಪಾ! ರಾಣಿ ಅದಾಳ!"

ನಾನು ಕೂಗಿದ ರಭಸಕ್ಕೆ ಕಳೆ ತೆಗೆಯುತ್ತಿದ್ದ ಹೆಂಗಸರು ಎದ್ದು ನಿಂತರು. ಅಪ್ಪನಿಗೆ ಅದು ಕೇಳಿಸಿತೋ ಇಲ್ಲವೋ. ನನ್ನ ಕಣ್ಣೀರು ನೋಡಿ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿದ. ಒರೆಸಿಕೊಳ್ಳಲು ಕೊಡುತ್ತಾನೆಂದು ನಾನು ಕೈಚಾಚಿದೆ. ಅವನು ಅದನ್ನು ಚೌಕಟ್ಟಿನ ಮೇಲೆ ನೆರಳಾಗುವಂತೆ ಹಿಡಿದ.

"ಆಮ್ಯಾಲೆ ಅಳವಾ," ಎಂದ. "ಕೂಸುಗೋಳಿಗೆ ಬಿಸಲ ಬಡ್ಯಾಕತ್ತೈತಿ."